ಗೇಟಿನವರೆಗೆ ಹೋಗಿ ವಾಪಸ್ ಬಂದೆ

ಪ್ರಶ್ನೆ: ನನಗೆ 41 ವರ್ಷ, ಹೈಸ್ಕೂಲ್ ಶಿಕ್ಷಕ. ಈಗ ರಾತ್ರಿ ಎರಡು ಕ್ವಾರ್ಟರ್ ಬೇಕು. ಮೂರು ತಿಂಗಳಿಂದ ಬೆಳಿಗ್ಗೆ ಕೈ ನಡುಗುತ್ತಿದೆ, ಒಂದು ನೈಂಟಿ ಹಾಕಿದರೆ ಮಾತ್ರ ಹಾಜರಿ ಪುಸ್ತಕದಲ್ಲಿ ಸಹಿ ನೆಟ್ಟಗೆ ಬರುತ್ತದೆ. ಎರಡು ವರ್ಷದ ಹಿಂದೆ ಅಯ್ಯಪ್ಪ ಮಾಲೆ ಹಾಕಿ 41 ದಿನ ಮುಟ್ಟಿರಲಿಲ್ಲ. ಮಾಲೆ ತೆಗೆದ ರಾತ್ರಿಯೇ ಮತ್ತೆ ಶುರು. ಹೆಂಡತಿಯ ಒತ್ತಾಯಕ್ಕೆ ಕಳೆದ ವಾರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರ ಗುಂಪು) ಮೀಟಿಂಗಿಗೆ ಹೊರಟೆ. ಅದು ಚರ್ಚಿನ ಆವರಣದಲ್ಲಿತ್ತು. ಪರಿಚಯದವರು ಸಿಕ್ಕರೆ ಎಂದು ಗೇಟಿನಿಂದಲೇ ವಾಪಸ್ ಬಂದೆ. ಅದು ಕ್ರೈಸ್ತರ ಸಭೆಯೇ? ಎಲ್ಲರೆದುರು ನಿಂತು ಹೇಳಿಕೊಳ್ಳಲೇಬೇಕೇ?

ಉತ್ತರ: ಮೀಟಿಂಗಿಗಿಂತ ಮೊದಲು ಆ ಕೈನಡುಕದ ವಿಚಾರ. ಬೆಳಿಗ್ಗೆ ನಡುಕ ಬರುವವರು ರೋಷದಲ್ಲಿ ಒಂದೇ ದಿನಕ್ಕೆ ಬಿಟ್ಟುಬಿಡಬಾರದು. ಕೊನೆಯ ಗುಟುಕಿನಿಂದ ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸಿ, ಎಲ್ಲಿದ್ದೇನೆ ಎಂಬುದೇ ತಿಳಿಯದಂತಾಗುತ್ತದೆ. ಅದು ಜೀವಕ್ಕೇ ಅಪಾಯ. ಮಾಲೆ ಹಾಕಿದಾಗ ಏನೂ ಆಗಲಿಲ್ಲವಲ್ಲ ಎಂದುಕೊಳ್ಳಬೇಡಿ. ಆಗ ನಿಮಗೆ ಬೆಳಗಿನ ನೈಂಟಿ ಬೇಕಿರಲಿಲ್ಲ, ಈಗ ದೇಹದ ಸ್ಥಿತಿಯೇ ಬೇರೆ.

ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಈ ವಾರವೇ ಕಾಣಿ. ಎಷ್ಟು ಕುಡಿಯುತ್ತೀರಿ, ಬೆಳಿಗ್ಗೆಯದನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಹೇಳಿ. ಅಳತೆ ಕಡಿಮೆ ಹೇಳಿದರೆ ಮಾತ್ರೆಯ ಪ್ರಮಾಣವೂ ಕಡಿಮೆಯಾಗಿ ಫಿಟ್ಸಿನ ಅಪಾಯ ಉಳಿಯುತ್ತದೆ. ನಡುಕ ಇಳಿಸಲು ಕೆಲವು ದಿನದ ಮಾತ್ರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ಕೊಡುತ್ತಾರೆ. ಅಗತ್ಯ ಕಂಡರೆ ದಾಖಲಿಸಿಕೊಳ್ಳುತ್ತಾರೆ. ನಿದ್ದೆಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಎಲ್ಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಅಥವಾ ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ.

ಇನ್ನು ಆ ಗೇಟು. ಚರ್ಚು ಕೊಟ್ಟಿರುವುದು ಕೋಣೆಯನ್ನು ಮಾತ್ರ. ಆಲ್ಕೊಹಾಲಿಕ್ಸ್ ಅನಾನಿಮಸ್ ಅಮೆರಿಕದ ಆಕ್ರನ್‌ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ನಿಂತದ್ದರಿಂದ ಹುಟ್ಟಿದ್ದು. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಸೇರಲು ಬೇರೆ ಅರ್ಹತೆ ಬೇಡ. ದೇವರ ಮಾತು, ಒಂದು ಚಿಕ್ಕ ಪ್ರಾರ್ಥನೆ ಇರುತ್ತದೆ ನಿಜ. ಆದರೆ ಆ ದೇವರು ಯಾರೆಂಬುದು ನಿಮಗೇ ಬಿಟ್ಟದ್ದು. ನಿಮಗೆ ಅಯ್ಯಪ್ಪನಾದರೆ ಅಯ್ಯಪ್ಪ. ಪ್ರಾರ್ಥನೆ ಹೊತ್ತಿಗೆ ಸುಮ್ಮನೆ ನಿಂತವರನ್ನೂ ಯಾರೂ ಪ್ರಶ್ನಿಸುವುದಿಲ್ಲ.

ಈ ಸಲ ಸುಮ್ಮನೆ ಹೊರಡಬೇಡಿ. ಎಎಯ ಸಹಾಯವಾಣಿಗೋ ಆ ಗುಂಪಿಗೋ ಮೊದಲು ಫೋನ್ ಮಾಡಿ. ಪಟ್ಟಿಯಲ್ಲಿರುವ ಜಾಗ, ಹೊತ್ತು ಬದಲಾಗಿರುವುದುಂಟು. ಮೀಟಿಂಗ್ ಕನ್ನಡದಲ್ಲಿದೆಯೇ, ಓಪನ್ನೋ ಕ್ಲೋಸ್ಡೋ, ಯಾವ ಬಾಗಿಲು ಎಂದು ಕೇಳಿ. ಓಪನ್ ಮೀಟಿಂಗಿಗೆ ಮನೆಯವರು, ವಿದ್ಯಾರ್ಥಿಗಳು, ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗಿಗೆ ಕುಡಿತದ ತೊಂದರೆ ಇರುವವರು ಮಾತ್ರ. ನಿಮಗೆ ಕ್ಲೋಸ್ಡೇ ಸರಿ. ಅಲ್ಲಿ ಪರಿಚಯದವರು ಸಿಕ್ಕರೂ ಅವರು ಬಂದಿರುವುದು ಇದೇ ಕಾಯಿಲೆಗೆ. ಆದರೂ ಅಳುಕಾದರೆ ಪಕ್ಕದ ತಾಲ್ಲೂಕಿನ ಮೀಟಿಂಗಿಗೆ ಹೋಗಿ. ಫೋನ್ ಇಡುವ ಮೊದಲು ಇನ್ನೊಂದು ಮಾತು ಕೇಳಿ: "ನಾನು ಹೊಸಬ, ಗೇಟಿನ ಹತ್ತಿರ ಯಾರಾದರೂ ನಿಂತಿರ್ತೀರಾ?" ಒಳಗಿರುವ ಪ್ರತಿಯೊಬ್ಬರೂ ಒಂದು ದಿನ ಅದೇ ಗೇಟು ದಾಟಿ ಬಂದವರು. ಆ ಮಾತು ಕೇಳಲು ಸಂಕೋಚ ಬೇಡ.

ಒಳಗೆ ಕುರ್ಚಿ, ಚಹಾ, ಒಂದು-ಒಂದೂವರೆ ಗಂಟೆ. ರಿಜಿಸ್ಟರ್ ಇಲ್ಲ, ಆಧಾರ್ ಕೇಳುವುದಿಲ್ಲ, ಮನೆತನದ ಹೆಸರೂ ಬೇಡ. ಒಬ್ಬೊಬ್ಬರಾಗಿ ಶೇರಿಂಗ್ ಮಾಡುತ್ತಾರೆ, ಅಂದರೆ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ನಡುವೆ ಬಾಯಿ ಹಾಕುವ, ಬುದ್ಧಿ ಹೇಳುವ ಪದ್ಧತಿ ಇಲ್ಲ. ಸರದಿ ನಿಮ್ಮತ್ತ ಬಂದಾಗ "ಇವತ್ತು ಕೇಳೋಕೆ ಬಂದಿದ್ದೀನಿ" ಎಂದರೆ ಮುಗಿಯಿತು. ಕೊನೆಗೆ ಕಾಣಿಕೆ ಡಬ್ಬಿ ಬರುತ್ತದೆ, ಹೊಸಬರು ಹಾಕಬೇಕೆಂದೇನಿಲ್ಲ.

ಜನ ಎಡವುವುದು ಮೊದಲ ಮೀಟಿಂಗಿನ ನಂತರ. ಹಿಡಿಸಲಿಲ್ಲವೆಂದು ಬಿಡುತ್ತಾರೆ. ಗುಂಪಿಂದ ಗುಂಪಿಗೆ ಸ್ವಭಾವ ಬೇರೆ. ಕನಿಷ್ಠ ಆರು ಮೀಟಿಂಗ್ ನೋಡದೆ ತೀರ್ಮಾನಿಸಬೇಡಿ. 90 ದಿನದಲ್ಲಿ 90 ಮೀಟಿಂಗ್ ಎನ್ನುವ ರೂಢಿಯಿದೆ. ವಾರಕ್ಕೊಂದೇ ನಡೆಯುವ ಊರಿನಲ್ಲಿ ಉಳಿದ ದಿನಗಳಿಗೆ ಆನ್‌ಲೈನ್ ಮೀಟಿಂಗ್, ಫೋನ್ ಇವೆ. ಅಲ್ಲಿ ಯಾರಾದರೂ ಡಾಕ್ಟರ ಮಾತ್ರೆ ಬಿಡಿ ಎಂದರೆ ಕೇಳಬೇಡಿ, ವೈದ್ಯಕೀಯ ಸಲಹೆ ಕೊಡುವುದು ಸದಸ್ಯರ ಕೆಲಸವಲ್ಲ. ನಡುವೆ ಜಾರಿ ಕುಡಿದರೆ ನಾಚಿಕೆಯಿಂದ ತಪ್ಪಿಸಿಕೊಳ್ಳದೆ ಮುಂದಿನ ಮೀಟಿಂಗಿಗೇ ಹೋಗಿ. ನಿಮ್ಮ ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪಿದೆ. ಇಷ್ಟು ದಿನ ಅವರೂ ಇದನ್ನು ಒಂಟಿಯಾಗಿ ಹೊತ್ತಿದ್ದಾರೆ.

ನಿಮ್ಮ 41 ದಿನವನ್ನು ಇನ್ನೊಮ್ಮೆ ನೆನೆಯಿರಿ. ಆಗ ಬೆಳಿಗ್ಗೆ-ಸಂಜೆ ಜೊತೆಗೆ ಸ್ವಾಮಿಗಳಿದ್ದರು, ಭಜನೆಯಿತ್ತು, ಹೊತ್ತು ತುಂಬಿತ್ತು. ಮಾಲೆಯೊಂದಿಗೆ ಆ ಜೊತೆಯೂ ಕಳಚಿತು. ಆದ್ದರಿಂದ ಮೀಟಿಂಗಿನಿಂದ ಬರಿಗೈಲಿ ಎದ್ದು ಬರಬೇಡಿ, ಮೂರ್ನಾಲ್ಕು ಜನರ ನಂಬರ್ ಬರೆದುಕೊಳ್ಳಿ. ಸಂಬಳದ ದಿನ ಸಂಜೆ, ಬಾರಿನ ಹಾದಿ ಹಿಡಿಯುವ ಮೊದಲು ಅದರಲ್ಲಿ ಒಂದಕ್ಕೆ ಫೋನ್ ಮಾಡಿ.