ಡ್ರಮ್ ಕೋರ್ ಫೀಸು ಕಟ್ಟುವ ಮೊದಲು

ನಮಸ್ಕಾರ. ಮಗಳು ಡ್ರಮ್ ಕೋರ್‌ಗೆ (ಅಮೆರಿಕದಲ್ಲಿ ಬೇಸಿಗೆಯಲ್ಲಿ ಊರೂರು ಸುತ್ತಿ, ಡ್ರಮ್, ತುತ್ತೂರಿ ನುಡಿಸುತ್ತಾ ಕವಾಯತು ಮಾಡಿ ಸ್ಪರ್ಧಿಸುವ ಹುಡುಗ ಹುಡುಗಿಯರ ತಂಡ) ಆಯ್ಕೆಯಾಗಿದ್ದಾಳೆ, ಸಾವಿರಾರು ಡಾಲರ್ ಕಟ್ಟಿದ ಮೇಲೆ ತಂಡವೇ ಮುಚ್ಚಿಹೋದರೆ ಏನು ಗತಿ ಅಂತ ಕೇಳಿದ್ದೀರಿ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 1934ರಲ್ಲಿ ಶುರುವಾದ ಕೆಡೆಟ್ಸ್ ತಂಡ 2024ರಲ್ಲಿ ಬಾಗಿಲು ಹಾಕಿತು. ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಅನ್ನೋ ಇನ್ನೊಂದು ತಂಡ ದುಡ್ಡಿನ ತೊಂದರೆಯಿಂದ 2023ರ ಸೀಸನ್ ಪೂರ್ತಿ ಬಿಟ್ಟಿತು, ಮರುವರ್ಷ ವಾಪಸ್ ಬಂತು.

ಖರ್ಚು ಜಾಸ್ತಿ ಆಗೋದು ಓಡಾಟಕ್ಕೆ. ದೊಡ್ಡ ತಂಡದಲ್ಲಿ 165 ಮಕ್ಕಳವರೆಗೆ ಇರುತ್ತಾರೆ. ಅವರಿಗೆ ಬಸ್ಸುಗಳು, ವಾದ್ಯಗಳಿಗೊಂದು ಲಾರಿ, ಅಡುಗೆಗೊಂದು ಲಾರಿ. ಒಂದು ಬೇಸಿಗೆ ನಾನೂ ಆ ಅಡುಗೆ ಲಾರಿಯಲ್ಲಿ ಕೈಜೋಡಿಸಿದ್ದೆ. ರಾತ್ರಿ ಎರಡು ಗಂಟೆಗೆ ಬಸ್ಸು ಯಾವುದೋ ಶಾಲೆ ಮುಂದೆ ನಿಂತಿತು. ಮಕ್ಕಳು ಅರೆನಿದ್ದೆಯಲ್ಲೇ ಹಾಸಿಗೆಗೆ ಗಾಳಿ ತುಂಬಿ, ಜಿಮ್ ನೆಲದ ಮೇಲೆ ಮಲಗಿದರು. ನಾವು ಬೆಳಗಿನ ತಿಂಡಿಗೆ ಮೊಟ್ಟೆ ಒಡೆಯುತ್ತಾ ನಿಂತೆವು. ಹೋಟೆಲ್ ರೂಮಿನ ಮಾತೇ ಇಲ್ಲ, ಆದರೂ ಇಷ್ಟು ಖರ್ಚು! ಡೀಸೆಲ್, ಬಸ್ ಬಾಡಿಗೆ ಏರಿದರೆ ಫೀಸೂ ಏರುತ್ತದೆ.

ಪ್ರವಾಸ ಚಿಕ್ಕದಾಗದೆ ಇದು ಉಳಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಜುಲೈ ಪೂರ್ತಿ ಹತ್ತಿರದ ಊರುಗಳಲ್ಲೇ ಪ್ರದರ್ಶನ ಕೊಡಲಿ. ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್ ಫೈನಲ್ಸ್‌ಗೆ ಮಾತ್ರ ದೂರ ಹೋಗಲಿ. ಫೀಸು ಬಿಟ್ಟು ಬೇರೆ ಆದಾಯವೂ ಬೇಕು. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್ ವರ್ಷಗಟ್ಟಲೆ ಬಿಂಗೋ ಆಟ ನಡೆಸಿ ದುಡ್ಡು ಕೂಡಿಸಿದ ತಂಡ.

ನೀವು ಮೊದಲು ತಂಡದ ಫಾರ್ಮ್ 990 ತೆಗೆದು ನೋಡಿ. ಲಾಭರಹಿತ ಸಂಸ್ಥೆಗಳ ಈ ತೆರಿಗೆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಸಾಲ ಎಷ್ಟಿದೆ ಅಂತ ತಿಳಿಯುತ್ತದೆ. ಸೀಸನ್ ರದ್ದಾದರೆ ದುಡ್ಡು ವಾಪಸ್ ಕೊಡ್ತಾರಾ ಅನ್ನೋದನ್ನು ಬರಹದಲ್ಲೇ ತಗೊಳ್ಳಿ. ಕಂತಿನಲ್ಲಿ ಕಟ್ಟೋಕೆ ಆಗುತ್ತಾ ಅಂತಲೂ ಕೇಳಿ.