ಪ್ರತಿಕ್ರಿಯೆ: ಟಿವಿ ಗೋಡೆಯ ಪಟ್ಟಿ ಪ್ಯಾನೆಲ್‌ಗೆ ಗಾಢ ಬಣ್ಣ

ಕಪ್ಪು ಫೆಲ್ಟ್ (ದಪ್ಪ ಉಣ್ಣೆಯಂಥ ಬಟ್ಟೆ) ಮೇಲೆ ಕೂತಿರುವ ತಿಳಿ ಓಕ್ ಪಟ್ಟಿಗಳನ್ನು ಬಿಚ್ಚದೆ ವಾಲ್‌ನಟ್ ಬಣ್ಣಕ್ಕೆ ತರಬಹುದೇ ಎಂದು ಕೇಳಿದ್ದೀರಿ. ಪಟ್ಟಿಯ ಮುಖ ನಿಜವಾದ ವೆನಿಯರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಆಗಿದ್ದರೆ ಖಂಡಿತ ಆಗುತ್ತದೆ.

ಟಿವಿ ಹಿಂದೆ ಮರೆಯಾಗುವ ಕಡೆ 240ರ ಮರಳು ಕಾಗದದಿಂದ ಸ್ವಲ್ಪ ಉಜ್ಜಿ, ಒಂದು ಹನಿ ನೀರು ಬಿಡಿ. ಹನಿ ಹೀರಿಕೊಂಡು ಆ ಜಾಗ ಗಾಢವಾದರೆ ವೆನಿಯರ್. ಹಾಗೇ ಕೂತರೆ ಬಹುಶಃ ಪ್ಲಾಸ್ಟಿಕ್ ಫಾಯಿಲ್. ಅದಕ್ಕೆ ಸ್ಟೇನ್ (ಮರಕ್ಕೆ ಇಳಿಯುವ ಬಣ್ಣ) ಹಿಡಿಯದು, 320ರಲ್ಲಿ ಒರಟು ಮಾಡಿ, ಹಿಡಿತದ ಪ್ರೈಮರ್ ಬಳಿದು ಪೇಂಟ್ ಮಾಡುವುದೊಂದೇ ದಾರಿ.

ವೆನಿಯರ್ ಸಾಮಾನ್ಯವಾಗಿ ಅರ್ಧ ಮಿ.ಮೀ. ಸುತ್ತಮುತ್ತಲಷ್ಟೇ ದಪ್ಪ. ದಯವಿಟ್ಟು ಉಜ್ಜುವ ಯಂತ್ರ ಮುಟ್ಟಿಸಬೇಡಿ. ಅಂಚು ಸವೆದು ಕೆಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಂಡರೆ ಅದನ್ನು ಮುಚ್ಚಲು ಸ್ಟೇನ್‌ನಿಂದ ಆಗದು. ಹಳೆಯ ಪಾಲಿಶ್ ಪೂರ್ತಿ ಹೋಗುವಷ್ಟು ಮಾತ್ರ, ಮರದ ಎಳೆಯ ಉದ್ದಕ್ಕೆ, ಕೈಯಿಂದ ಉಜ್ಜಿ. ಪಾಲಿಶ್ ಉಳಿದ ಕಡೆ ಮಚ್ಚೆ ಬೀಳುತ್ತದೆ.

ನಿಜವಾದ ತಲೆನೋವು ಫೆಲ್ಟ್. ಮಾಸ್ಕಿಂಗ್ ಟೇಪ್ ಅದಕ್ಕೆ ಸರಿಯಾಗಿ ಅಂಟದು. ಪಟ್ಟಿಗಳ ನಡುವಿನ ಸಂದಿಯನ್ನು ಅಳೆದು (ಹಲವು ಪ್ಯಾನೆಲ್‌ಗಳಲ್ಲಿ 13 ಮಿ.ಮೀ.) ಅಷ್ಟೇ ಅಗಲದ ರಟ್ಟಿನ ಪಟ್ಟಿ ಕತ್ತರಿಸಿ ತೂರಿಸಿ. ಉಜ್ಜುವ ಮೊದಲೇ ತೂರಿಸಿದರೆ ದೂಳೂ ಫೆಲ್ಟ್‌ಗೆ ಇಳಿಯದು. ಸ್ಪ್ರೇ ಬೇಡ, ತುಂತುರು ಕೂತು ಫೆಲ್ಟ್ ಮಂಕಾಗುತ್ತದೆ.

ಸೋರದ ಜೆಲ್ ಸ್ಟೇನ್ ತೆಗೆದುಕೊಂಡು ಬಟ್ಟೆಯಲ್ಲಿ ತೆಳುವಾಗಿ ಸವರಿ, ಒಂದೊಂದೇ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ನಿಲ್ಲಿಸದೆ ಮುಗಿಸಿ. ಪೂರ್ತಿ ಒಣಗಿದ ಮೇಲೆ ನೀರು ಆಧಾರಿತ ಮ್ಯಾಟ್ ಪಿಯು (ಪಾಲಿಯುರೆಥೇನ್ ಪಾಲಿಶ್) ಎರಡು ಕೋಟ್, ಸಣ್ಣ ಫೋಮ್ ರೋಲರ್‌ನಲ್ಲಿ. ಸ್ಟೇನ್ ಎಣ್ಣೆ ಆಧಾರಿತವಾಗಿದ್ದರೆ ಅದನ್ನು ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಗಿಸಿ.