ವ್ಯಾಕ್ಸೆಲ್ಲ ಜೇನುಮೇಣವೇ?

ಪ್ರಶ್ನೆ: ಅವ್ವನ ಒಡೆದ ಹಿಮ್ಮಡಕ್ಕೆ ತಂದ ಮುಲಾಮಿನ ಡಬ್ಬಿ ಮೇಲೆ ಇಂಗ್ಲಿಷಿನಲ್ಲಿ ಬರೀ ‘ವ್ಯಾಕ್ಸ್’ ಅಂತಿದೆ. ಅದು ಜೇನುಮೇಣವೇ?
– ಓದುಗಾರ್ತಿ, ಗಂಗಾವತಿ

ಉತ್ತರ: ಹಾಗಂತ ನಂಬಬೇಡ ತಂಗೆವ್ವಾ. ಹಿಂದೆ ಇಂಗ್ಲಿಷಿನಲ್ಲಿ ವ್ಯಾಕ್ಸ್ ಎಂದರೆ ಜೇನುಮೇಣವೇ ಆಗಿತ್ತು. ಈಗ ಕಚ್ಚಾ ತೈಲದಿಂದ ತೆಗೆದ ಪ್ಯಾರಾಫಿನ್, ಬ್ರೆಜಿಲಿನ ತಾಳೆಜಾತಿ ಮರದ ಎಲೆಯ ಮೇಣ, ಕಿವಿಯ ಗುಗ್ಗೆ ಎಲ್ಲವೂ ವ್ಯಾಕ್ಸೇ. ‘ಬೀಸ್‌ವ್ಯಾಕ್ಸ್’ ಎಂದಿದ್ದರೆ ಮಾತ್ರ ದುಡಿಯುವ ಜೇನುಹುಳು ಹೊಟ್ಟೆಯಡಿಯ ಗ್ರಂಥಿಗಳಿಂದ ಒಸರಿಸಿ ಹುಟ್ಟು ಕಟ್ಟುವ ಮೇಣ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಸೆರಾ ಆಲ್ಬಾ’ ಎಂದಿದ್ದರೂ ಅದೇ. ಕೊಪ್ಪಳದ ಸಂತೆಯಲ್ಲಿ ಬಿಡಿ ಮೇಣ ಕೊಳ್ಳುವಾಗ ನಾನು ಮೊದಲು ಮೂಸಿ ನೋಡುತ್ತೇನೆ. ಜೇನಿನ ಕಂಪು ಬರಬೇಕು. ಪ್ಯಾರಾಫಿನ್ ಕೆಟ್ಟದ್ದೇನಲ್ಲ, ಹಿಮ್ಮಡದ ತೇವವನ್ನು ಅದೂ ಹಿಡಿದಿಡುತ್ತದೆ. ಆದರೆ ಜೇನುಮೇಣದ ದುಡ್ಡು ಕೊಟ್ಟು ಅದನ್ನು ತರಬೇಡ.